ಸಾಮಾಜಿಕ ನ್ಯಾಯ ಸಮಿತಿ ಇರೋದು ಸೈನ್ ಹಾಕೋಕೆ ಮಾತ್ರನಾ?

ಸಂಪಾದಕರಿಗೆ ನಮಸ್ಕಾರ,

ಗ್ರಾಮ ಸ್ವರಾಜ್ಯದ ಬಗ್ಗೆ ನಿಮ್ಮ ಪೇಪರಲ್ಲಿ ಬಂದಿದ್ದನ್ನ ಪೂರ್ತಿ ಓದಿದೆ. ಅನುದಾನ, ಪಿಡಿಒ ವರ್ಗಾವಣೆ, ನರೇಗಾ ಬಿಲ್ಲು ಎಲ್ಲಾ ಇತ್ತು, ಆದ್ರೆ ಪ್ರತಿಯೊಂದು ಗ್ರಾಮ ಪಂಚಾಯ್ತಿಲೂ ಪರಿಶಿಷ್ಟರು, ಹಿಂದುಳಿದವರು, ಹೆಣ್ಮಕ್ಕಳ ಹಿತ ಕಾಯೋಕೆ ಅಂತ ಕಾನೂನು ಪ್ರಕಾರ ಇರ್ಲೇಬೇಕಾದ ಸಾಮಾಜಿಕ ನ್ಯಾಯ ಸಮಿತಿ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ನಿಮ್ಮನ್ನ ದೂರ್ತಿಲ್ಲ, ಅಂಥದ್ದೊಂದು ಸಮಿತಿ ಇದೆ ಅಂತ ಎಷ್ಟೋ ಮೆಂಬರುಗಳಿಗೇ ಗೊತ್ತಿರಲ್ಲ. ನನಗೇ ಗೊತ್ತಾಗಿದ್ದು ಅದರ ಸದಸ್ಯೆ ಅಂತ ವರ್ಷಗಟ್ಟಲೆ ಸೈನ್ ಹಾಕಿದ ಮೇಲೆ.

ನಾನು 2020ರ ಡಿಸೆಂಬರ್ ಚುನಾವಣೇಲಿ ಪರಿಶಿಷ್ಟ ಜಾತಿ ಮಹಿಳಾ ಮೀಸಲು ಸೀಟಿಂದ ಗೆದ್ದವಳು, ಮಂಡ್ಯ ಕಡೆಯವಳು. ಊರಿನ ಹೆಸರು ಬೇಡ, ಯಾಕಂದ್ರೆ ನಾನು ಹೇಳೋದು ಒಂದೂರಿನ ಕತೆ ಅಲ್ಲ. ಒಂದಿನ ಸಾಯಂಕಾಲ ಮುದ್ದೆ ತಿರುವ್ತಾ ಇದ್ದೆ, ಪಂಚಾಯ್ತಿ ಬಿಲ್ ಕಲೆಕ್ಟರ್ ಗಾಡಿ ನಿಲ್ಲಿಸಿ, ಮೀಟಿಂಗಲ್ಲಿ ಏನಾಯ್ತು ಅಂತ ಬರೆಯೋ ನಡಾವಳಿ ಪುಸ್ತಕ ಹಿಡ್ಕೊಂಡು ಬಂದ, "ಅಕ್ಕ ಇಲ್ಲೊಂದು, ಇಲ್ಲೊಂದು, ಇಲ್ಲೊಂದು" ಅಂದ, ನಾನು ಕೈ ಸೆರಗಿಗೆ ಒರೆಸ್ಕೊಂಡು ಅವನು ಬೆರಳಿಟ್ಟ ಕಡೆ ಎಲ್ಲಾ ಹಾಕ್ಬಿಟ್ಟೆ, ಅವನು ಹೋದ. ಆವತ್ತು ಪಕ್ಕದಲ್ಲಿ ಓದ್ತಾ ಕೂತಿದ್ದ ನನ್ನ ಮಗಳು, ಆಗ ಪಿಯುಸಿ, "ಅಮ್ಮ ಅದ್ರಲ್ಲಿ ಮೂರು ಬೇರೆ ಬೇರೆ ತಾರೀಕಿತ್ತು, ನೀನು ಯಾವಾಗ ಹೋಗಿದ್ದೆ ಮೀಟಿಂಗಿಗೆ" ಅಂದ್ಲು. ನಾನು ಒಂದಕ್ಕೂ ಹೋಗಿರ್ಲಿಲ್ಲ, ಯಾಕಂದ್ರೆ ಮೀಟಿಂಗೇ ಆಗಿರ್ಲಿಲ್ಲ. ಮಾರನೇ ದಿನ ಆಫೀಸಿಗೆ ಹೋಗಿ ಪುಸ್ತಕ ತೆಗೆಸಿ ನೋಡಿದ್ರೆ ಮೇಲೆ ದಪ್ಪಕ್ಕೆ ಬರೆದಿತ್ತು, ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಸಭೆಯ ನಡಾವಳಿ, ಕೆಳಗೆ "ಚರ್ಚಿಸಿ ಅನುಮೋದಿಸಲಾಯಿತು". ಯಾರು ಚರ್ಚೆ ಮಾಡಿದ್ರು, ಯಾರ ಜೊತೆ? ಆ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ.

ಈ ಸಮಿತಿ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಲೇ ಇದೆ, ಮೂರರಿಂದ ಐದು ಜನ ಇರ್ಬೇಕು, ಅದ್ರಲ್ಲಿ ಕನಿಷ್ಠ ಒಬ್ರು ಮಹಿಳೆ, ಒಬ್ರು ಎಸ್‌ಸಿ ಅಥವಾ ಎಸ್‌ಟಿ ಇರ್ಲೇಬೇಕು. ಕೆಲಸ ಏನು ಅಂದ್ರೆ ಪರಿಶಿಷ್ಟರು, ಹಿಂದುಳಿದವರ ವಿದ್ಯಾಭ್ಯಾಸ ಮತ್ತೆ ಜೀವನದ ಹಿತ ನೋಡೋದು, ಅವರನ್ನ ಅನ್ಯಾಯದಿಂದ ಶೋಷಣೆಯಿಂದ ಕಾಪಾಡೋದು, ಹೆಣ್ಮಕ್ಕಳು ಮಕ್ಕಳ ಕಲ್ಯಾಣ. ಇಷ್ಟು ದೊಡ್ಡ ಕೆಲಸ ಕೊಟ್ಟು ಅದನ್ನ ಒಲೆ ಮುಂದೆ ಕೂತವಳ ಸೈನ್‌ಗೆ ತಂದು ನಿಲ್ಲಿಸಿದಾರೆ.

ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೇಲಿ ಹಳ್ಳಿ ಬಗ್ಗೆ ಎಷ್ಟು ಖಾರವಾಗಿ ಮಾತಾಡಿದ್ರು ಅನ್ನೋದು ಓದಿದವರಿಗೆಲ್ಲಾ ಗೊತ್ತು, ಅಜ್ಞಾನ, ಸಣ್ಣ ಮನಸ್ಸು, ಜಾತಿ ಮತದ ಕಿತ್ತಾಟ ತುಂಬಿರೋ ಜಾಗ ಅನ್ನೋ ಅರ್ಥದಲ್ಲೇ ಹೇಳಿದ್ರು. ಮೊದಲು ಓದಿದಾಗ ನಂಗೆ ಅತಿಯಾಯ್ತೇನೋ ಅನ್ಸಿತ್ತು. ಆಮೇಲೆ ಪಂಚಾಯ್ತಿ ಮೊದಲನೇ ಸಾಮಾನ್ಯ ಸಭೇಲಿ ಟೀ ಬಂತು, ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮತ್ತೆ ನಮ್ಮ ಕೇರಿಯ ಇನ್ನೊಬ್ಬ ಮೆಂಬರಣ್ಣನಿಗೆ ಪೇಪರ್ ಕಪ್ಪು. ಲೋಟ ಕಮ್ಮಿ ಬಿತ್ತು ಅಂದ್ರು. ಮುಂದಿನ ಸಭೇಲೂ ಕಮ್ಮಿ ಬಿತ್ತು, ಅದರ ಮುಂದಿನದ್ರಲ್ಲೂ ಕಮ್ಮಿ ಬಿತ್ತು. ಅಂಬೇಡ್ಕರ್ ಯಾಕೆ ಹಂಗಂದ್ರು ಅಂತ ಯಾರೂ ನಂಗೆ ಮತ್ತೆ ಬಿಡಿಸಿ ಹೇಳ್ಬೇಕಾಗಿಲ್ಲ.

ಹಂಗಂತ ಪಂಚಾಯ್ತಿನೇ ಬೇಡ ಅನ್ನೋಳಲ್ಲ ನಾನು. ಕರ್ನಾಟಕದಲ್ಲಿ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ರು ತಂದ ಕಾನೂನಿಂದ 1987ರ ಚುನಾವಣೇಲೇ ಹೆಣ್ಮಕ್ಕಳಿಗೆ ಶೇ 25 ಸೀಟು ಸಿಕ್ತು, ದೇಶದಲ್ಲಿ ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ಬರೋಕೂ ಮುಂಚೆ. 2010ರಲ್ಲಿ ಅದು ಶೇ 50 ಆಯ್ತು. ಇದಿಲ್ದೇ ಇದ್ದಿದ್ರೆ ಕೂಲಿಗೆ ಹೋಗೋ ನಾನು ಆ ಟೇಬಲ್ ಹತ್ರಕ್ಕೂ ಬರ್ತಿರ್ಲಿಲ್ಲ. ತಮಿಳುನಾಡಿನ ಮದುರೈ ಜಿಲ್ಲೆ ಪಾಪ್ಪಾಪಟ್ಟಿ, ಕೀರಿಪಟ್ಟಿಯಲ್ಲಿ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯ್ತು ಅನ್ನೋ ಒಂದೇ ಕಾರಣಕ್ಕೆ 1996ರಿಂದ 2006ರವರೆಗೆ ಹತ್ತು ವರ್ಷ ಅಲ್ಲಿ ಅಧಿಕಾರ ನಡೆಸೋಕೇ ಬಿಡ್ಲಿಲ್ಲ. ನಮ್ಮಲ್ಲಿ ಅಷ್ಟು ಬಹಿರಂಗವಾಗಿ ತಡೆಯಲ್ಲ, ಸೀಟು ಕೊಡ್ತಾರೆ, ಗೆಲ್ಲೋಕೂ ಬಿಡ್ತಾರೆ, ಆಮೇಲೆ ಪುಸ್ತಕ ಮನೆಗೆ ಕಳಿಸ್ತಾರೆ.

ಸರಿ, ಪಟ್ಟು ಹಿಡಿದೆ. ಮುಂದಿನ ಮೀಟಿಂಗ್ ನಮ್ಮ ಕಾಲೊನಿಲೇ ಆಗ್ಬೇಕು, ಇಲ್ಲಾಂದ್ರೆ ಸೈನ್ ಹಾಕಲ್ಲ ಅಂದೆ. ಎರಡು ತಿಂಗಳು ಎಳೆದಾಡಿ ಕೊನೆಗೆ ಒಂದಿನ ಹೊಂಗೆ ಮರದ ಕೆಳಗೆ ನಾಕು ಕುರ್ಚಿ ಹಾಕಿದ್ರು, ಹೆಂಗಸ್ರೇ ಜಾಸ್ತಿ ಬಂದಿದ್ರು. ಮೊದಲು ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ಒಬ್ಬರು ಅಜ್ಜಿ ಎದ್ದು, ನನ್ನ ಗಂಡನ್ನ ಹೂಳೋಕೆ ಹೋದಾಗ ಮಳೆಗಾಲ, ಹೆಣ ಹೊತ್ತವರು ಗದ್ದೆ ಬದುವಿಂದ ಜಾರಿ ಕೆಸರಿಗೆ ಬಿದ್ರು, ಚಟ್ಟ ಒಂದ್ಕಡೆ ವಾಲ್ತು, ನಂಗೂ ಅದೇ ಗತಿನಾ ಅಂತ ಕೇಳಿದ್ರು. ನಮಗೆ ಸ್ಮಶಾನದ ಜಾಗ ಇದೆ, ಪಹಣೀಲೂ ಇದೆ, ಆದ್ರೆ ಅಲ್ಲಿಗೆ ಹೋಗೋಕೆ ದಾರಿನೇ ಇಲ್ಲ, ನಾಲೆ ಏರಿ ಇಳಿದ ಮೇಲೆ ಬೇರೆಯವರ ಗದ್ದೆ. ಎಷ್ಟು ಕಾಲದಿಂದ ಇದು ಎಲ್ಲರಿಗೂ ಗೊತ್ತಿತ್ತು ಆದ್ರೆ ಪಂಚಾಯ್ತಿ ಪುಸ್ತಕದಲ್ಲಿ ಬರೆದದ್ದು ಅವತ್ತೇ ಮೊದಲು. ಬರೆದ ಮೇಲೆ ಅದು ಠರಾವು, ಠರಾವು ಆದ್ಮೇಲೆ ತಾಲ್ಲೂಕು ಆಫೀಸಿಗೆ ಹೋಯ್ತು, ಸರ್ವೆಯವರು ಬಂದು ಅಳೆದ್ರು, ನಾಲೆವರೆಗೂ ಮಣ್ಣು ಹಾಕಿ ದಾರಿ ಆಯ್ತು. ನಾಲೆ ಆಚೆದು ಇನ್ನೂ ಆಗಿಲ್ಲ.

ಅದೇ ಮೀಟಿಂಗಲ್ಲಿ ಇನ್ನೊಂದು ಗೊತ್ತಾಯ್ತು. ಪಂಚಾಯ್ತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 25ರಷ್ಟು ಎಸ್‌ಸಿ ಎಸ್‌ಟಿ ಜನಕ್ಕೆ, ಶೇ 5 ಅಂಗವಿಕಲರಿಗೆ ಖರ್ಚು ಮಾಡ್ಬೇಕು, ಅಂದ್ರೆ ಎಂಟು ಲಕ್ಷ ಕಂದಾಯ ಬಂದ್ರೆ ಎರಡು ಲಕ್ಷ ನಮ್ಮದು. ಅದು ಎಲ್ಲಿ ಹೋಯ್ತು ಅಂತ ಲೆಕ್ಕ ಕೇಳಿದ್ರೆ ಬೀದಿ ದೀಪ, ಚರಂಡಿ ಅಂತ ತೋರಿಸಿದ್ರು, ದೀಪ ಹಾಕಿದ್ದು ಮೇನ್ ರೋಡಲ್ಲಿ, ಅಲ್ಲಿ ಎಸ್‌ಸಿ ಜನಾನೂ ಓಡಾಡ್ತಾರಲ್ಲ ಅಂದ್ರು. ಓಡಾಡ್ತೀವಿ ನಿಜ, ಆದ್ರೆ ಸಾಲ ಮಾಡಿ ಫೀಸ್ ಕಟ್ಟಿ ಮಗನ್ನ ಡಿಪ್ಲೊಮಾ ಓದಿಸ್ತಿರೋ ನನ್ನ ಪಕ್ಕದ ಮನೆಯವಳಿಗೆ ಆ ದುಡ್ಡಲ್ಲಿ ಐದು ಸಾವಿರ ಬಂದಿದ್ರೂ ಎಷ್ಟೋ ಆಸರೆ ಆಗ್ತಿತ್ತು. ಅವಳ ಹೆಸರು ಯಾವ ಪಟ್ಟೀಲೂ ಇರ್ಲಿಲ್ಲ, ಯಾಕಂದ್ರೆ ಪಟ್ಟಿ ಮಾಡ್ಬೇಕಾದ ವಾರ್ಡ್ ಸಭೆ ನಮ್ಮ ಕೇರೀಲಿ ಆಗೇ ಇರ್ಲಿಲ್ಲ.

ಮೇಲಕ್ಕೆ ಹೋಗಿ ಹೇಳೋಣ ಅಂದ್ರೆ ಅಲ್ಲಿ ಜನ ಆರಿಸಿದವರೇ ಇರ್ಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿ 2021ರಲ್ಲಿ ಅವಧಿ ಮುಗೀತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಲೇ ನಡೀತು. ಅಲ್ಲೂ ಸಾಮಾಜಿಕ ನ್ಯಾಯ ಸಮಿತಿ ಇರ್ಬೇಕು ಅಂತ ಕಾಯ್ದೆ ಹೇಳುತ್ತೆ, ಮೆಂಬರೇ ಇಲ್ದಿದ್ಮೇಲೆ ಸಮಿತಿ ಎಲ್ಲಿಂದ ಬರ್ಬೇಕು. ಈ ಬಗ್ಗೆ ಯಾವ ಪಕ್ಷದವರಿಗೂ ಅವಸರ ಇರ್ಲಿಲ್ಲ ಅನ್ನೋದು ನಂಗೆ ತುಂಬಾ ನೋವಾಗೋ ವಿಷಯ.

ಗ್ರಾಮೀಣಾಭಿವೃದ್ಧಿ ಇಲಾಖೆಯವರಿಗೆ ನಿಮ್ಮ ಪೇಪರ್ ಮೂಲಕ ಕೇಳ್ಕೊಳ್ಳೋದು ಇಷ್ಟೇ. ಈ ಸಮಿತಿ ಮೀಟಿಂಗ್ ಕೇರಿ, ತಾಂಡಾ, ಹಟ್ಟಿಗಳಲ್ಲೇ ಆಗ್ಬೇಕು ಅಂತ ಆದೇಶ ಮಾಡಿ, ನಡಾವಳಿ ನೋಟಿಸ್ ಬೋರ್ಡಿಗೆ ಹಾಕಿಸಿ, ಶೇ 25ರ ಕ್ರಿಯಾ ಯೋಜನೆ ಮೊದಲು ಈ ಸಮಿತಿ ಮುಂದೆ ಬರ್ದೇ ಬಿಲ್ ಪಾಸಾಗಬಾರದು. ಹೊಸ ಮೆಂಬರುಗಳಿಗೆ ತರಬೇತಿ ಕೊಡುವಾಗ ಇದನ್ನ ಅರ್ಧ ಗಂಟೇಲಿ ಮುಗಿಸ್ದೇ ಒಂದು ದಿನ ಪೂರ್ತಿ ಕೂರಿಸಿ ಹೇಳಿ.

ಇನ್ನು ಮುಂದೆ ಗೆದ್ದು ಬರೋ ನಮ್ಮ ಹೆಣ್ಮಕ್ಕಳಿಗೆ, ಪುಸ್ತಕ ಮನೆ ಬಾಗಿಲಿಗೆ ಬಂದ್ರೆ ಪೆನ್ನು ಮುಟ್ಬೇಡಿ, ಮೀಟಿಂಗ್ ಎಲ್ಲಿ ಎಷ್ಟೊತ್ತಿಗೆ ಅಂತ ಕೇಳಿ. ನಮ್ಮೂರಿಂದ ಗೆದ್ದು ಹೋಗೋರು ಯಾರೇ ಆಗ್ಲಿ, ನಾಲೆ ಆಚೆ ದಾರಿ ಠರಾವು ಅದೇ ಪುಸ್ತಕದಲ್ಲಿದೆ, ಒಂದ್ಸಲ ತೆಗೆಸಿ ಓದಿ. ಆ ಅಜ್ಜಿ ಇನ್ನೂ ಇದಾರೆ.

ಇತಿ,
ಗ್ರಾಮ ಪಂಚಾಯ್ತಿ ಮಾಜಿ ಸದಸ್ಯೆ, ಮಂಡ್ಯ ಜಿಲ್ಲೆ