ಮಳಿಗೆಯ ಲೆಕ್ಕದಲ್ಲಿ ಮಾಲೀಕರ ಭೇಟಿ ಬೆರೆಯದಿರಲಿ

ಮಾನ್ಯ ಸಂಪಾದಕರೇ,

ಸಣ್ಣ ಆನ್‌ಲೈನ್ ಮಳಿಗೆ ನಡೆಸುವವರು ಹೊಸ ಫೋಟೊ ಸರಿಯಾಗಿ ಕೂತಿದೆಯೇ, ಬದಲಿಸಿದ ಬೆಲೆ ಕಾಣುತ್ತಿದೆಯೇ, ಮೊಬೈಲಿನಲ್ಲಿ ಕಾರ್ಟ್ ತೆರೆದುಕೊಳ್ಳುತ್ತಿದೆಯೇ ಎಂದು ದಿನಕ್ಕೆ ಹಲವು ಬಾರಿ ತಮ್ಮ ಪುಟಗಳನ್ನೇ ತೆರೆದು ನೋಡುತ್ತಿರುತ್ತಾರೆ. ಈ ಭೇಟಿಗಳೂ ಗ್ರಾಹಕರ ಭೇಟಿಗಳ ಲೆಕ್ಕಕ್ಕೇ ಸೇರಿಹೋಗುತ್ತವೆ ಎಂಬುದನ್ನು ಮಳಿಗೆ ಕಟ್ಟಿಕೊಡುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಇದನ್ನು ಚಿಲ್ಲರೆ ವಿಷಯವೆಂದು ಬದಿಗಿಡಲಾಗದು.

100 ಭೇಟಿಗಳಿಗೆ 2 ಆರ್ಡರ್ ಬಂದರೆ ಖರೀದಿಯ ಪ್ರಮಾಣ ಶೇ 2. ಆ ನೂರರಲ್ಲಿ 40 ಭೇಟಿಗಳು ಮಾಲೀಕರು ಮತ್ತು ಸಿಬ್ಬಂದಿಯವೇ ಆಗಿದ್ದರೆ ನಿಜವಾದ ಪ್ರಮಾಣ ಶೇ 3.3. ಪರೀಕ್ಷೆಗೆಂದು ಹಣ ಪಾವತಿಯ ಪುಟದವರೆಗೆ ಹೋಗಿ ಹಿಂದಿರುಗಿದ ನಮ್ಮವರೇ, ಅರ್ಧಕ್ಕೆ ಕೈಬಿಟ್ಟ ಗ್ರಾಹಕರಂತೆ ವರದಿಯಲ್ಲಿ ಕಾಣಿಸಿಕೊಳ್ಳುತ್ತಾರೆ. ಅದನ್ನು ನಂಬಿ ಬೆಲೆ ಇಳಿಸುವವರಿದ್ದಾರೆ, ಜಾಹೀರಾತಿಗೆ ಹಣ ಸುರಿಯುವವರೂ ಇದ್ದಾರೆ. ದೊಡ್ಡ ಮಳಿಗೆಗಳಲ್ಲಿ ಈ ವ್ಯತ್ಯಾಸ ಗಣನೆಗೆ ಬಾರದಿರಬಹುದು. ಪೆಟ್ಟು ಬೀಳುವುದು ಸಣ್ಣವರಿಗೇ.

ಭೇಟಿಗಳ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಇದಕ್ಕೆ ವ್ಯವಸ್ಥೆಯಿದೆ, ಆದರೆ ಅದು ಎರಡು ಹಂತದ್ದು. ಡೇಟಾ ಸ್ಟ್ರೀಮ್‌ನ ಟ್ಯಾಗ್ ಸೆಟ್ಟಿಂಗ್‌ನಲ್ಲಿ ನಮ್ಮ ಐಪಿ ವಿಳಾಸವನ್ನು (ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) 'ಇಂಟರ್ನಲ್ ಟ್ರಾಫಿಕ್' (ಒಳಗಿನವರ ಭೇಟಿ) ಎಂದು ನಮೂದಿಸಿದರೆ ಆ ಭೇಟಿಗಳಿಗೆ ಗುರುತು ಬೀಳುತ್ತದೆಯೇ ಹೊರತು ಅವು ಲೆಕ್ಕದಿಂದ ಹೊರಹೋಗುವುದಿಲ್ಲ. ಗುರುತು ಬಿದ್ದ ಭೇಟಿಗಳನ್ನು ಹೊರಗಿಡುವ ಡೇಟಾ ಫಿಲ್ಟರನ್ನು 'ಟೆಸ್ಟಿಂಗ್' ಸ್ಥಿತಿಯಿಂದ 'ಆಕ್ಟಿವ್'ಗೆ ಬದಲಿಸಿದಾಗಲೇ ಕೆಲಸ ಪೂರ್ಣವಾಗುವುದು. ಹಾಗೆಂದು ಆತುರವೂ ಸಲ್ಲದು. ಫಿಲ್ಟರ್ ಹೊರಗಿಟ್ಟ ಮಾಹಿತಿ ಮರಳಿ ಸಿಗುವುದಿಲ್ಲವಾದ್ದರಿಂದ ಕೆಲವು ದಿನ ಪರೀಕ್ಷಾ ಸ್ಥಿತಿಯಲ್ಲೇ ಇರಿಸಿ ನೋಡುವುದು ಒಳ್ಳೆಯದು. ಹಳೆಯ ಲೆಕ್ಕವನ್ನಂತೂ ಅದು ಶುದ್ಧಗೊಳಿಸದು. ಆದಕಾರಣವೇ ಮಳಿಗೆ ತೆರೆಯುವ ದಿನದಿಂದಲೇ ಇದು ಜಾರಿಯಲ್ಲಿರಬೇಕು.

ಐಪಿ ವಿಳಾಸವೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಮನೆಯ ಬ್ರಾಡ್‌ಬ್ಯಾಂಡ್‌ನ ವಿಳಾಸ ಆಗಾಗ ಬದಲಾಗಬಹುದು. ಮೊಬೈಲ್ ಡೇಟಾದಲ್ಲಿ ಒಂದೇ ವಿಳಾಸವನ್ನು ಅನೇಕ ಚಂದಾದಾರರು ಹಂಚಿಕೊಂಡಿರಬಹುದಾದ್ದರಿಂದ ಅದನ್ನು ತಡೆದರೆ ನಿಜವಾದ ಗ್ರಾಹಕರೂ ಲೆಕ್ಕ ತಪ್ಪಿಹೋದಾರು. ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ತೆರೆದರೆ ಸಾಕೆಂಬ ನಂಬಿಕೆಯಂತೂ ಪೂರ್ಣ ತಪ್ಪು, ಏಕೆಂದರೆ ಹಿಂದಿನ ಭೇಟಿಯನ್ನು ನೆನಪಿಡಲು ಬ್ರೌಸರಿನಲ್ಲಿ ಉಳಿಯುವ ಸಣ್ಣ ಕಡತವಾದ ಹಳೆಯ ಕುಕಿ ಅಲ್ಲಿ ಇಲ್ಲದ ಕಾರಣ ನಾವು ಪ್ರತಿಬಾರಿಯೂ ಹೊಸ ಸಂದರ್ಶಕರಾಗಿ ಎಣಿಕೆಯಾಗುತ್ತೇವೆ. ಮಳಿಗೆಯ ಕೆಲಸಕ್ಕೆಂದೇ ಕಂಪ್ಯೂಟರಿನಲ್ಲಿ ಪ್ರತ್ಯೇಕ ಬ್ರೌಸರ್ ಪ್ರೊಫೈಲ್ ಇಟ್ಟುಕೊಂಡು, ಅದರಲ್ಲಿ ನಮ್ಮ ಭೇಟಿ ಎಣಿಕೆಯಾಗದಂತೆ ತಡೆಯಲು ಗೂಗಲ್ ನೀಡುವ ಅನಲಿಟಿಕ್ಸ್ ಆಪ್ಟ್‌ಔಟ್ ಆಡ್‌ಆನ್ ಹಾಕಿಕೊಳ್ಳುವುದು ನನ್ನ ಮಟ್ಟಿಗೆ ಹೆಚ್ಚು ಭರವಸೆಯ ದಾರಿ. ಇಂಥದೇ ಇನ್ನೊಂದು ಲೆಕ್ಕದ ಸಾಧನವಾದ ಮಾಟೊಮೊ ಬಳಸುವವರಿಗೆ ಕುಕಿಯ ಮೂಲಕ ತಮ್ಮ ಭೇಟಿಯನ್ನು ಬಿಟ್ಟುಬಿಡುವ ಸೌಲಭ್ಯವಿದೆ. ಕುಕಿ ಅಳಿಸಿದಾಗ ಮತ್ತೆ ಹೊಂದಿಸಿಕೊಳ್ಳಬೇಕು, ಅಷ್ಟೆ.

ಮಳಿಗೆ ಕಟ್ಟಿಕೊಡುವ ತಂತ್ರಜ್ಞರಲ್ಲಿ ನನ್ನ ಕೋರಿಕೆ ಇಷ್ಟೇ: ಮಾಲೀಕರ, ಸಿಬ್ಬಂದಿಯ ಮತ್ತು ನಿಮ್ಮದೇ ಪರೀಕ್ಷಾ ಭೇಟಿಗಳನ್ನು ಹೊರಗಿಡುವ ಏರ್ಪಾಟನ್ನು ಮುಗಿಸಿ, ಅದನ್ನು ತೋರಿಸಿಕೊಟ್ಟ ನಂತರವೇ ಮಳಿಗೆಯನ್ನು ಹಸ್ತಾಂತರಿಸಿ. ಈಗಾಗಲೇ ನಡೆಯುತ್ತಿರುವ ಮಳಿಗೆಯಾದರೆ, ಫಿಲ್ಟರ್ ಜಾರಿಗೆ ಬಂದ ದಿನಾಂಕವನ್ನು ಮಾಲೀಕರಿಗೆ ಬರೆದುಕೊಡಿ. ಅಂದಿನಿಂದ ಭೇಟಿಗಳ ಸಂಖ್ಯೆ ಇಳಿದದ್ದನ್ನು ಕಂಡು, ಗ್ರಾಹಕರು ಕಡಿಮೆಯಾದರೆಂದು ಅವರು ಗಾಬರಿಯಾಗಬೇಕಾಗಿಲ್ಲ.

ಇಂತಿ,
ಆನ್‌ಲೈನ್ ಮಳಿಗೆಯ ವ್ಯಾಪಾರಿ