ಲಿಥಿಯಂ ರಕ್ತಪರೀಕ್ಷೆ ತಾಲ್ಲೂಕಿನಲ್ಲೇ ಸಿಗಲಿ

ಉನ್ಮಾದ, ಖಿನ್ನತೆಗಳ ನಡುವೆ ಮನಸ್ಸು ತೂಗಾಡುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ಸೇವಿಸುವ ನನ್ನ ತಮ್ಮ ಒಂದು ರಕ್ತಪರೀಕ್ಷೆಗಾಗಿ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಿಂದ ಧಾರವಾಡದವರೆಗೆ ಅಲೆಯಬೇಕಾಗಿದೆ. ರಕ್ತದಲ್ಲಿ ಲಿಥಿಯಂ ಕಡಿಮೆಯಾದರೆ ಕಾಯಿಲೆ ಮರುಕಳಿಸಬಹುದು, ಹೆಚ್ಚಾದರೆ ಅದೇ ವಿಷ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರಿಗಂತೂ ಪ್ರಮಾಣ ಏರುವ ಅಪಾಯ ಹೆಚ್ಚು. ಹಿಂದಿನ ಮಾತ್ರೆ ನುಂಗಿದ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ 9ಕ್ಕೆ ಮಾತ್ರೆ ಸೇವಿಸುವ ತಮ್ಮ ನಸುಕಿನ ಬಸ್ ಹಿಡಿಯಲು ನಿದ್ದೆಗೆಡುತ್ತಾನೆ, ಅಂದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾನೆ. ನಿದ್ದೆಗೆಟ್ಟರೆ ಈ ಕಾಯಿಲೆ ಕೆರಳುತ್ತದೆ ಎಂಬುದನ್ನು ನಾವು ಮನೆಯಲ್ಲೇ ಕಂಡಿದ್ದೇವೆ. ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ರಕ್ತದ ಮಾದರಿ ಸಂಗ್ರಹಿಸಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳುಹಿಸಿ, ವರದಿಯನ್ನು ರೋಗಿಯ ಮೊಬೈಲ್‌ಗೆ ತಲುಪಿಸುವ ವ್ಯವಸ್ಥೆ ಮಾಡಬೇಕು.

– ಓದುಗ, ಹಾವೇರಿ ಜಿಲ್ಲೆ