ಹೊಸ ಪಕ್ಷಕ್ಕೆ ಹಾಕಿದ ಮತ ದಂಡವಲ್ಲ

ಮಾನ್ಯರೆ,

ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಹುಟ್ಟಿದ ಸಣ್ಣ ಪಕ್ಷಕ್ಕೆ ಮತ ಹಾಕಿದರೆ ಅದು ದಂಡ ಎಂಬ ಮಾತು ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಆಗಾಗ ಕೇಳಿಬರುತ್ತಿದ್ದು, ಇದು ತಪ್ಪು ತಿಳಿವಳಿಕೆ. (ನಿಜವಾದ ದಂಡವೆಂದರೆ ಸಂಸತ್ ಚುನಾವಣೆಯಲ್ಲಿ ಸಕಾರಣವಿಲ್ಲದೆ ಮತ ಹಾಕದವರು ಕಟ್ಟಬೇಕಾದ 20 ಡಾಲರ್.) ಇಲ್ಲಿನದು ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿರುವಂಥ ಪ್ರಾಶಸ್ತ್ಯ ಮತದ ಪದ್ಧತಿ, ಕೆಳಮನೆಯ ಹಸಿರು ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಕ್ರಮಸಂಖ್ಯೆ ಬರೆಯಲೇಬೇಕಾದ್ದರಿಂದ, ನಾವು 1 ಎಂದು ಬರೆದ ಅಭ್ಯರ್ಥಿ ಎಣಿಕೆಯಿಂದ ಹೊರಬಿದ್ದರೂ ಆ ಮತ ಪೂರ್ಣ ಮೌಲ್ಯದೊಂದಿಗೆ ಮುಂದಿನವರಿಗೆ ವರ್ಗಾವಣೆಯಾಗುತ್ತದೆ.

ಹಾಗೆಂದು ಕಣ್ಣುಮುಚ್ಚಿ ಅಂಕಿ ಬರೆಯುವುದೂ ಸಲ್ಲದು. 2013ರಲ್ಲಿ ಮೋಟರಿಂಗ್ ಎಂಥೂಸಿಯಾಸ್ಟ್ ಪಕ್ಷದ ರಿಕಿ ಮ್ಯೂರ್ ಅವರು ಶೇ 0.51ರಷ್ಟು ಮೊದಲ ಪ್ರಾಶಸ್ತ್ಯ ಮತ ಪಡೆದು ವಿಕ್ಟೋರಿಯಾದಿಂದ ಮೇಲ್ಮನೆಯಾದ ಸೆನೆಟ್ ಪ್ರವೇಶಿಸಿದ್ದು, ಪಕ್ಷಗಳು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಮತ ವರ್ಗಾವಣೆಯ ಒಪ್ಪಂದಗಳ ಬಲದಿಂದ. 2016ರ ತಿದ್ದುಪಡಿ ಸೆನೆಟ್‌ನಲ್ಲಿ ಆ ದಾರಿಯನ್ನು ಮುಚ್ಚಿ, ಕ್ರಮ ನಿರ್ಧರಿಸುವ ಅಧಿಕಾರವನ್ನು ಮತದಾರನ ಕೈಯಲ್ಲಿರುವ ಪೆನ್ಸಿಲ್ಲಿಗೇ ಕೊಟ್ಟಿದೆ. ಆದರೂ ಮತಗಟ್ಟೆಯ ಗೇಟಿನ ಬಳಿ ಪಕ್ಷದವರು ಕೈಗಿಡುವ ಕರಪತ್ರದ ಅಂಕಿಗಳನ್ನೇ ನಕಲು ಮಾಡುವವರು ಕಡಿಮೆಯಿಲ್ಲ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ.

ಆದ್ದರಿಂದ ಇಲ್ಲಿನ ಕನ್ನಡ ಸಂಘಗಳು ಚುನಾವಣೆಗೆ ಮುನ್ನ ಮಾದರಿ ಮತಪತ್ರಗಳನ್ನಿಟ್ಟು, ಯಾವ ಪಕ್ಷದ ಪರವನ್ನೂ ವಹಿಸದೆ, ಅಂಕಿ ಬರೆಯುವ ಕ್ರಮವನ್ನು ಹೊಸ ಮತದಾರರಿಗೆ ಕನ್ನಡದಲ್ಲಿ ತಿಳಿಸಿಕೊಡುವ ಏರ್ಪಾಡು ಮಾಡಲಿ.

– ಓದುಗ, ಮೆಲ್ಬರ್ನ್